ಶಾಲೆಯೇ ಗಂಜಿ ಕೇಂದ್ರವಾಗಿದ್ದ ಊರಲ್ಲಿ ನೆರೆಯ ಪಾಠ ಹೇಗೆ ಮಾಡಲಿ?

ಪ್ರಶ್ನೆ: ಬಾದಾಮಿ ತಾಲೂಕಿನ ಮಲಪ್ರಭಾ ದಂಡೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ 6 ಮತ್ತು 7ನೇ ತರಗತಿಗೆ ಸಮಾಜ ವಿಜ್ಞಾನ ಕಲಿಸುತ್ತೇನೆ. 2019ರ ಆಗಸ್ಟ್‌ನಲ್ಲಿ ಹೊಳೆ ಊರೊಳಗೆ ಬಂದಾಗ, ಎತ್ತರದಲ್ಲಿರುವ ನಮ್ಮ ಶಾಲೆಯೇ ಗಂಜಿ ಕೇಂದ್ರವಾಗಿತ್ತು. ಆಗ ಅಂಗನವಾಡಿಗೋ ಒಂದನೇ ತರಗತಿಗೋ ಹೋಗುತ್ತಿದ್ದ ಮಕ್ಕಳು ಈಗ ನನ್ನ ಮುಂದೆ ಕೂತಿದ್ದಾರೆ. ನೈಸರ್ಗಿಕ ವಿಕೋಪದ ಪಾಠ ಬಂದಾಗ ಒಬ್ಬ ಹುಡುಗಿ ಅತ್ತಳು, ಕೆಲವರು ಮಾತೇ ಆಡಲಿಲ್ಲ. 2024ರಲ್ಲಿ ವಯನಾಡಿಗೆ ಸಹಾಯ ಮಾಡೋಣ ಎಂದು ಬಟ್ಟೆ ಕೂಡಿಸಿದೆವು. ಹರಿದದ್ದೇ ಜಾಸ್ತಿ ಬಂತು. ಆ ಮೂಟೆಗಳು ಇನ್ನೂ ಸ್ಟೋರ್ ರೂಮಿನಲ್ಲೇ ಇವೆ. ಮಕ್ಕಳನ್ನು ಹೆದರಿಸದೆ ವಿಕೋಪದ ಬಗ್ಗೆ ಹೇಗೆ ಹೇಳಲಿ? ನೆರವು ಅಂದರೆ ಏನೆಂದು ಹೇಗೆ ತಿಳಿಸಲಿ? ವರ್ಷಕ್ಕೊಮ್ಮೆ ಮಾಕ್ ಡ್ರಿಲ್ ಮಾಡಿಸಿದರೆ ಸಾಕಾಗುವುದಿಲ್ಲವೇ?

ಉತ್ತರ:

ಟೀಚರ್, ನಿಮ್ಮ ಪತ್ರ ಓದುತ್ತಾ ಸ್ಟೋರ್ ರೂಮಿನ ಮೂಟೆಗಳ ಹತ್ತಿರ ಬಂದು ನಿಂತುಬಿಟ್ಟೆ. ಉತ್ತರವನ್ನೂ ಅಲ್ಲಿಂದಲೇ ಶುರು ಮಾಡುತ್ತೇನೆ.

2009ರ ಅಕ್ಟೋಬರ್. ಸೆಪ್ಟೆಂಬರ್ ಕೊನೆಗೆ ಹಿಡಿದ ಮಳೆಗೆ ನಿಮ್ಮ ಭಾಗದ ಊರುಗಳೆಲ್ಲ ನೆನೆದು ಕೂತಿದ್ದವು. ನಾನು ಮತ್ತು ಗೆಳೆಯರು ಬೆಂಗಳೂರಿನಲ್ಲಿ ಮನೆ ಮನೆ ತಿರುಗಿ, ಒಂದು ಲಾರಿ ತುಂಬ ಬಟ್ಟೆ ಕೂಡಿಸಿಕೊಂಡು ಹೊಳೆ ದಂಡೆಯ ಒಂದು ಊರಿಗೆ ಹೋದೆವು. ಊರ ಮುಂದಿನ ಬಯಲಲ್ಲಿ ಆಗಲೇ ಬಟ್ಟೆಯ ಗುಡ್ಡೆ ಬಿದ್ದಿತ್ತು. ನಮಗಿಂತ ಮುಂಚೆ ಬಂದ ಲಾರಿಗಳು ಸುರಿದು ಹೋಗಿದ್ದವು. ಜರಿ ಕಿತ್ತ ಸೀರೆ, ಯಾವುದೋ ಕಾನ್ವೆಂಟಿನ ಟೈ, ಒಂಟಿ ಕಾಲುಚೀಲ, ಉಣ್ಣೆ ಕೋಟು. ಅದರ ಮೇಲೆ ಎರಡು ಆಡು ಮಲಗಿದ್ದವು. ನಾವು ಲಾರಿಯ ಹಿಂಬದಿ ತೆಗೆಯುತ್ತಿದ್ದಾಗ ಒಬ್ಬ ಅಜ್ಜಿ ಹತ್ತಿರ ಬಂದು, "ತಮ್ಮಾ, ಅರಿವಿ ಸಾಕೋ. ಒಂದ ಕೊಡ ಇದ್ರ ಕೊಡು" ಅಂದರು.

ನಮ್ಮ ಲಾರಿಯಲ್ಲಿ ಒಂದೂ ಕೊಡ ಇರಲಿಲ್ಲ. ದಿನಕ್ಕೊಮ್ಮೆ ಟ್ಯಾಂಕರ್ ನೀರು ತರುತ್ತಿತ್ತು. ಹಿಡಿದಿಡಲು ಆ ಅಜ್ಜಿಯ ಮನೆಯಲ್ಲಿ ಪಾತ್ರೆ ಉಳಿದಿರಲಿಲ್ಲ, ಎಲ್ಲ ಹೊಳೆ ಪಾಲಾಗಿತ್ತು. ಹೊರಡುವ ಮುಂಚೆ ಒಂದು ಫೋನ್ ಮಾಡಿ "ಏನು ಬೇಕು?" ಎಂದು ಕೇಳುವ ಬುದ್ಧಿ ನಮ್ಮಲ್ಲಿ ಒಬ್ಬರಿಗೂ ಬಂದಿರಲಿಲ್ಲ. ಎಲ್ಲರೂ ಡಿಗ್ರಿ ಮಾಡಿದವರೇ.

ಆಮೇಲೆ ಎಷ್ಟೋ ಶಾಲೆಗಳಿಗೆ ಈ ವಿಷಯ ಕಲಿಸಲು ಹೋಗಿದ್ದೇನೆ. ಎಲ್ಲ ಕಡೆ ನೆರವಿನ ಪಾಠವನ್ನು ಕೊಡುವವರ ಕಡೆ ನಿಂತೇ ಹೇಳುತ್ತಾರೆ. ದಾನ, ಕರುಣೆ, ನಾಲ್ಕು ಘೋಷಣೆ, ಒಂದು ಡಬ್ಬಿ. ನಿಮ್ಮ ಮಕ್ಕಳಿಗೆ ಆ ಪಾಠ ಬೇಕಿಲ್ಲ. ಅವರು ಪಡೆದವರು. ಸಾಲಲ್ಲಿ ನಿಂತು ಅನ್ನ ಹಾಕಿಸಿಕೊಂಡವರು. ನೆರವು ಯಾವಾಗ ನೆರವಾಗುತ್ತದೆ, ಯಾವಾಗ ಬರೀ ಗುಡ್ಡೆಯಾಗಿ ಬೀಳುತ್ತದೆ ಅನ್ನುವುದನ್ನು ಅವರ ಮನೆಯವರಿಂದಲೇ ಕೇಳಿ ಬರಬಹುದು. ಬೆಂಗಳೂರಿನ ಎಷ್ಟು ದುಬಾರಿ ಶಾಲೆಯಾದರೂ ಈ ಅನುಕೂಲ ಇಲ್ಲ.

ಈಗ ಅತ್ತ ಹುಡುಗಿಯ ವಿಷಯಕ್ಕೆ ಬರುತ್ತೇನೆ. "ನಿಮ್ಮನೆ ಬಿದ್ದಿತ್ತಲ್ವಾ, ನೀನೇ ಎದ್ದು ಹೇಳು" ಎಂದು ಯಾವ ಮಗುವನ್ನೂ ಎಲ್ಲರ ಮುಂದೆ ನಿಲ್ಲಿಸಬೇಡಿ. ಒಳ್ಳೆ ಮನಸ್ಸಿನಿಂದಲೇ ಶಿಕ್ಷಕರು ಹಾಗೆ ಮಾಡುತ್ತಾರೆ, ಮಗುವಿಗೆ ಅದು ಎರಡನೇ ಸಲ ಮನೆ ಬಿದ್ದ ಹಾಗೆ. ಪಾಠದ ಹಿಂದಿನ ದಿನ ಅವಳನ್ನು ಬೇರೆ ಕರೆದು, ನಾಳೆ ಹೊಳೆಯ ಪಾಠ ಇದೆ ಎಂದು ಹೇಳಿಡಿ. ಬೇಡ ಅನಿಸಿದರೆ ಎದ್ದು ಹೋಗಿ ಬಿಸಿಯೂಟದ ಅಕ್ಕನ ಹತ್ತಿರ ಕೂರಬಹುದು, ಯಾಕೆ ಎಂದು ಯಾರೂ ಕೇಳುವುದಿಲ್ಲ ಎಂದೂ ಹೇಳಿ. ಮುಕ್ಕಾಲು ಪಾಲು ಮಕ್ಕಳು ಎದ್ದು ಹೋಗುವುದಿಲ್ಲ. ಹೋಗಬಹುದು ಎಂದು ಗೊತ್ತಿದ್ದರೇ ಅವರಿಗೆ ಸಾಕು. ಕೊಚ್ಚಿ ಹೋಗುವ ಮನೆ, ಅಳುವ ಜನ, ಇಂಥ ವಿಡಿಯೊ ಒಂದನ್ನೂ ತೋರಿಸಬೇಡಿ. ಮೊಬೈಲಿನಲ್ಲಿ ಅವರು ಆಗಲೇ ಬೇಕಾದ್ದಕ್ಕಿಂತ ಹೆಚ್ಚು ನೋಡಿರುತ್ತಾರೆ.

ಮಾತಾಡದ ಮಕ್ಕಳಿಗೆ ಚಿತ್ರ ಬರೆಯಲು ಕೊಡಿ, ಆದರೆ ಅದಕ್ಕೆ ಅಂಕ ಹಾಕಬೇಡಿ, ಗೋಡೆಗೂ ಅಂಟಿಸಬೇಡಿ. ಮಳೆ ಶುರುವಾದರೆ ನಿದ್ದೆ ಮಾಡದ, ಹಾಸಿಗೆ ಒದ್ದೆ ಮಾಡಿಕೊಳ್ಳುವ, ಅವ್ವನ ಸೆರಗು ಬಿಡದ ಮಗು ವಾರಗಟ್ಟಲೆ ಹಾಗೇ ಇದ್ದರೆ ಅದು ಪಾಠದಿಂದ ಸರಿಹೋಗುವ ವಿಷಯವಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ನೀವೇ ಫೋನ್ ಮಾಡಿ ಕೇಳಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಇನ್ನೊಂದು ಮಾತು. ನಿಮ್ಮ ಮಕ್ಕಳಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ: "ಅಕ್ಕಾರ, ನಾವೇನ್ ಪಾಪ ಮಾಡಿದ್ವಿರಿ?" ಪೇಪರಿನವರು "ಮುನಿದ ಪ್ರಕೃತಿ", "ವರುಣನ ಆರ್ಭಟ" ಎಂದು ಬರೆಯುವುದರ ಫಲ ಇದು. ನನಗೆ ಆ ತಲೆಬರಹ ಕಂಡರೆ ಆಗುವುದಿಲ್ಲ. ಹೊಳೆಗೆ ಸಿಟ್ಟೂ ಇಲ್ಲ, ಸೆಡವೂ ಇಲ್ಲ. ಅದಕ್ಕಿರುವುದು ಇಳಿಜಾರು ಮತ್ತು ನೀರಿನ ಲೆಕ್ಕ. ಆ ಲೆಕ್ಕ ತಿಳಿದ ಮಗುವಿಗೆ ಅರ್ಧ ಹೆದರಿಕೆ ಇಳಿಯುತ್ತದೆ, ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಲೆಕ್ಕ ಹೀಗೆ ಹೇಳಿ. ಮಲಪ್ರಭೆ ಹುಟ್ಟುವುದು ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ. ಅಲ್ಲಿಯ ಮಳೆಗೂ ಬಾದಾಮಿಯ ಮಳೆಗೂ ಸಂಬಂಧವೇ ಇಲ್ಲ. ನಿಮ್ಮೂರಲ್ಲಿ ಬಿಸಿಲಿದ್ದಾಗಲೂ ಹೊಳೆ ಏರಬಹುದು. ನಡುವೆ ಸವದತ್ತಿ ಹತ್ತಿರ ನವಿಲುತೀರ್ಥದ ಅಣೆಕಟ್ಟು ಇದೆ. ಕೆಳಗೆ ಬೆಣ್ಣೆಹಳ್ಳ ಬಂದು ಸೇರುತ್ತದೆ. ಅಣೆಕಟ್ಟು ಬಾಗಿಲು ಹಾಕಿದ್ದರೂ ಬೆಣ್ಣೆಹಳ್ಳ ಒಂದೇ ಸಾಕು, ಕೆಲವೊಮ್ಮೆ ರಸ್ತೆ ಮುಳುಗಿಸಲು. ಕೊನೆಗೆ ಎಲ್ಲ ನೀರೂ ಕೂಡಲಸಂಗಮದಲ್ಲಿ ಕೃಷ್ಣೆಗೆ. ಈ ದಾರಿಯನ್ನು ಮಕ್ಕಳು ಅಂಗಳದ ಮಣ್ಣಿನಲ್ಲಿ ಕೈಯಿಂದಲೇ ತೋಡಲಿ. ಕಲ್ಲೊಂದನ್ನು ಅಡ್ಡ ಇಟ್ಟು ಅಣೆಕಟ್ಟು ಮಾಡಲಿ. ಮೊದಲು ತೋಡನ್ನು ಅಗಲ ಬಿಟ್ಟು ಒಂದು ಮಗ್ ನೀರು ಸುರಿಯಿರಿ. ಆಮೇಲೆ ಅದೇ ತೋಡನ್ನು ಎರಡೂ ಕಡೆಯಿಂದ ಒತ್ತಿ, ನಡುವೆ ಹುಲ್ಲು ತುರುಕಿ, ಅಷ್ಟೇ ನೀರು ಸುರಿಯಿರಿ. ನೀರು ದಂಡೆ ಹತ್ತುತ್ತದೆ. ಏಳನೇ ತರಗತಿ ಮಕ್ಕಳಿಗೆ ಇಲ್ಲಿ ಮಾತೇ ಬೇಕಾಗುವುದಿಲ್ಲ. ಎಷ್ಟೋ ವರ್ಷ ನೀರು ಕಾಲುವೆಗೇ ಹೋಗಿ, ಹೊಳೆಯ ಪಾತ್ರದಲ್ಲಿ ಜಾಲಿ ಬೆಳೆದು, ದಂಡೆಯವರು ಒಳಗೆ ಒಳಗೆ ಉತ್ತುತ್ತಾ ಹೋದದ್ದನ್ನು ಅವರೇ ನೋಡಿದ್ದಾರೆ. ಉತ್ತವರಲ್ಲಿ ಅವರಪ್ಪಂದಿರೂ ಇರಬಹುದು. ಅಲ್ಲಿಗೆ ಬಿಡಿ, ಯಾರ ಹೆಸರನ್ನೂ ತೆಗೆಯುವುದು ಬೇಡ.

ಟಿವಿಯಲ್ಲಿ "ಹತ್ತು ಸಾವಿರ ಕ್ಯುಸೆಕ್ ನೀರು ಬಿಡುಗಡೆ" ಎಂದಾಗ ಯಾರಿಗೂ ಏನೂ ಅರ್ಥವಾಗುವುದಿಲ್ಲ. ಒಂದು ಕ್ಯುಸೆಕ್ ಅಂದರೆ ಸೆಕೆಂಡಿಗೆ ಸುಮಾರು 28.3 ಲೀಟರ್. ಎರಡು ಕೊಡದಷ್ಟು. ಹತ್ತು ಸಾವಿರ ಕ್ಯುಸೆಕ್ ಅಂದರೆ ಸೆಕೆಂಡಿಗೆ 2 ಲಕ್ಷ 83 ಸಾವಿರ ಲೀಟರ್. ನಿಮ್ಮೂರಿಗೆ ಬರುವ ಟ್ರ್ಯಾಕ್ಟರ್ ಟ್ಯಾಂಕರಿನಲ್ಲಿ 5,000 ಲೀಟರ್ ಹಿಡಿಯುತ್ತದೆ ಅನ್ನಿ. ಒಂದು ಚಿಟಿಕೆ ಹೊಡೆಯುವಷ್ಟರಲ್ಲಿ 56 ಟ್ಯಾಂಕರ್ ಖಾಲಿಯಾದ ಹಾಗೆ. ಈ ಲೆಕ್ಕವನ್ನು ಗಣಿತದ ಪೀರಿಯಡ್‌ನಲ್ಲಿ ಮಾಡಿಸಿ. ಮುಂದಿನ ಸಲ ಸುದ್ದಿ ಬಂದಾಗ ಮನೆಯಲ್ಲಿ ದೊಡ್ಡವರಿಗೆ ಬಿಡಿಸಿ ಹೇಳುವವರು ಇದೇ ಮಕ್ಕಳಾಗುತ್ತಾರೆ.

ಮುಂದಿನ ಕೆಲಸಕ್ಕೆ ಮಕ್ಕಳನ್ನು ಊರೊಳಗೆ ಕಳಿಸಿ. ಯಾಕೆಂದು ಹೇಳುತ್ತೇನೆ. ಇಂಡೋನೇಷ್ಯಾದ ಸುಮಾತ್ರದ ಪಕ್ಕ ಸಿಮೆಲು ಎಂಬ ದ್ವೀಪವಿದೆ. 1907ರಲ್ಲಿ ಅಲ್ಲಿಗೆ ಸುನಾಮಿ ಬಡಿದು ಬಹಳ ಜನ ಸತ್ತರು. ಉಳಿದವರು ಅದಕ್ಕೆ 'ಸ್ಮೊಂಗ್' ಎಂದು ಹೆಸರಿಟ್ಟು ಹಾಡಾಗಿ, ಕಥೆಯಾಗಿ ಮಕ್ಕಳಿಗೆ ಹೇಳುತ್ತಾ ಬಂದರು. ನೆಲ ಜೋರಾಗಿ ನಡುಗಿ ಸಮುದ್ರ ಹಿಂದೆ ಸರಿದರೆ ಗುಡ್ಡ ಹತ್ತು, ಅಷ್ಟೇ. 2004ರ ಡಿಸೆಂಬರ್ 26ರಂದು ಅದೇ ಆಯಿತು. ಭೂಕಂಪದ ಮೂಲಕ್ಕೆ ಅಷ್ಟು ಹತ್ತಿರವಿದ್ದ ಆ ದ್ವೀಪದ ಸುಮಾರು 78,000 ಜನರಲ್ಲಿ ಸತ್ತವರು 7 ಮಂದಿ. ಸೈರನ್ ಇರಲಿಲ್ಲ, ಮೊಬೈಲ್ ಸಂದೇಶ ಬರಲಿಲ್ಲ. ಅಜ್ಜಿಯರ ಕಥೆ ಇತ್ತು.

ನಿಮ್ಮೂರಲ್ಲೂ ಅಜ್ಜಿಯರಿದ್ದಾರೆ. 2009ರಲ್ಲಿ ನೀರು ಎಲ್ಲಿವರೆಗೆ ಬಂತು, 2019ರಲ್ಲಿ ಎಲ್ಲಿವರೆಗೆ, ಮೊದಲು ಮುಳುಗಿದ ದಾರಿ ಯಾವುದು, ನೀರು ಏರಲು ಎಷ್ಟು ಹೊತ್ತಾಯಿತು ಎಂದು ಮಕ್ಕಳು ಕೇಳಿಕೊಂಡು ಬರಲಿ. ನಿಮ್ಮ ತಾಲೂಕಿನ ಪಟ್ಟದಕಲ್ಲು ಗುಡಿಗಳ ಸುತ್ತಲೂ 2019ರಲ್ಲಿ ನೀರು ನಿಂತಿತ್ತಲ್ಲ, ಆ ಫೋಟೊ ಎಲ್ಲರೂ ನೋಡಿದ್ದಾರೆ. ಊರಿನ ಅಗಸಿಯ ಮೇಲೆ, ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ನೀರು ಬಂದ ಗುರುತು ಯಾರೂ ಬರೆದಿಟ್ಟಿಲ್ಲ. ಹಿರಿಯರನ್ನು ಕರೆಸಿ, ಅವರು ತೋರಿಸಿದ ಎತ್ತರಕ್ಕೆ ಆಯಿಲ್ ಪೇಂಟಿನಲ್ಲಿ ಒಂದು ಗೆರೆ ಎಳೆಸಿ, ಪಕ್ಕದಲ್ಲಿ ಇಸವಿ ಬರೆಸಿ. ಒಂದು ಡಬ್ಬಿ ಪೇಂಟ್, ಅರ್ಧ ದಿನದ ಕೆಲಸ. ಶಾಲಾಭಿವೃದ್ಧಿ ಸಮಿತಿಯವರಿಗೆ (ಎಸ್‌ಡಿಎಂಸಿ) ಒಂದು ಮಾತು ಹೇಳಿದರೆ ಪೇಂಟಿನ ದುಡ್ಡು ಅವರೇ ಕೊಡುತ್ತಾರೆ.

ಮಾಕ್ ಡ್ರಿಲ್ ಸಾಕಾಗುವುದಿಲ್ಲವೇ ಎಂದು ಕೇಳಿದ್ದೀರಿ. ಇದಕ್ಕೆ ಜಪಾನಿನ ಎರಡು ಊರುಗಳ ಕಥೆ ಹೇಳಲೇಬೇಕು. 2011ರ ಮಾರ್ಚ್ 11, ಒಂದೇ ಭೂಕಂಪ, ಒಂದೇ ಸುನಾಮಿ.

ಇಶಿನೊಮಾಕಿ ಊರಿನ ಒಕಾವಾ ಪ್ರಾಥಮಿಕ ಶಾಲೆಯಲ್ಲಿ ನೆಲ ನಡುಗಿದ ಕೂಡಲೇ ಮಕ್ಕಳು ಕಲಿತ ಹಾಗೆ ಹೊರಗೆ ಬಂದು ಅಂಗಳದಲ್ಲಿ ಸಾಲಾಗಿ ನಿಂತರು. ಡ್ರಿಲ್ ಅಲ್ಲಿಗೆ ಮುಗಿದಿತ್ತು. ಮುಂದೆ ಎಲ್ಲಿಗೆ ಹೋಗಬೇಕು ಎಂದು ಬರೆದಿಟ್ಟಿದ್ದ ಯೋಜನೆಯಲ್ಲಿ ಸ್ಪಷ್ಟವಾಗಿ ಇರಲಿಲ್ಲ. ಶಾಲೆಯ ಹಿಂದೆಯೇ ಗುಡ್ಡವಿತ್ತು. ಗುಡ್ಡ ಹತ್ತೋಣ ಎಂದು ಕೆಲವು ಮಕ್ಕಳೇ ಹೇಳಿದರು. ದೊಡ್ಡವರು ಚರ್ಚೆ ಮಾಡುತ್ತಾ ನಿಂತರು. ಸುಮಾರು 50 ನಿಮಿಷ ಕಳೆಯಿತು. ನೀರು ಬಂತು. 74 ಮಕ್ಕಳು, 10 ಶಿಕ್ಷಕರು ಹೋದರು. ತಂದೆತಾಯಿಗಳು ಕೋರ್ಟಿಗೆ ಹೋದರು. ಮುಂಚಿನ ತಯಾರಿಯೇ ಸಾಲದಾಗಿತ್ತು ಎಂಬ ತೀರ್ಪು 2019ರಲ್ಲಿ ಜಪಾನಿನ ಸುಪ್ರೀಂ ಕೋರ್ಟಿನಲ್ಲಿ ಕಾಯಂ ಆಯಿತು.

ಕಮೈಶಿಯಲ್ಲಿ ಬೇರೆ ಆಯಿತು. ಅಲ್ಲಿ ಕಟಾಡಾ ಎಂಬ ಪ್ರೊಫೆಸರ್ ಕೆಲವು ವರ್ಷಗಳಿಂದ ಶಾಲೆಗಳಿಗೆ ಹೋಗಿ ಮೂರು ಮಾತು ಕಲಿಸಿದ್ದರು: ನಕ್ಷೆಯಲ್ಲಿ ಬರೆದದ್ದನ್ನೇ ನಂಬಿ ಕೂರಬೇಡ, ಆ ಹೊತ್ತಿಗೆ ಕೈಲಾದದ್ದೆಲ್ಲ ಮಾಡು, ಬೇರೆಯವರಿಗೆ ಕಾಯದೆ ನೀನೇ ಮೊದಲು ಓಡು. ಒಂದು ಮಾಧ್ಯಮಿಕ ಶಾಲೆಯ, 12ರಿಂದ 15 ವರ್ಷದ ಮಕ್ಕಳು ಓಡಲು ಶುರು ಮಾಡಿದರು. ಅವರನ್ನು ಕಂಡು ಪಕ್ಕದ ಪ್ರಾಥಮಿಕ ಶಾಲೆಯ ಮಕ್ಕಳೂ ಹೊರಟರು. ದೊಡ್ಡವರು ಚಿಕ್ಕವರ ಕೈ ಹಿಡಿದುಕೊಂಡರು. ಮೊದಲು ಗೊತ್ತು ಮಾಡಿದ್ದ ಜಾಗಕ್ಕೆ ಹೋದರು. ಅಲ್ಲಿ ಹಿಂದಿನ ದಿಬ್ಬ ಕುಸಿಯುತ್ತಿರುವುದು ಕಂಡು, ಇದು ಸಾಲದು ಎಂದು ಇನ್ನೂ ಮೇಲೆ ಹೋದರು, ಅಲ್ಲಿಂದ ಇನ್ನೂ ಮೇಲೆ. ಆ ಎರಡು ಶಾಲೆಗಳಿಂದ ಹೊರಟ ಸುಮಾರು 570 ಮಕ್ಕಳು ಉಳಿದರು.

ಎರಡೂ ಕಡೆ ಡ್ರಿಲ್ ಇತ್ತು. ಒಂದು ಕಡೆ ಮಕ್ಕಳಿಗೆ ಸಾಲು ಕಲಿಸಿದ್ದರು. ಇನ್ನೊಂದು ಕಡೆ ಕಣ್ಣು ಬಿಟ್ಟು ನೋಡುವುದನ್ನೂ ಕಲಿಸಿದ್ದರು. ನಮ್ಮ ಶಾಲೆಗಳ ಡ್ರಿಲ್ ಹೇಗಿರುತ್ತದೆ ಎಂದು ನಿಮಗೇ ಗೊತ್ತು. ಶಿಕ್ಷಣ ಇಲಾಖೆಯ ಸಿಆರ್‌ಪಿ ಬರುತ್ತಾರೆ, ಬೆಲ್ ಹೊಡೆಯುತ್ತಾರೆ, ಮಕ್ಕಳು ನಗುತ್ತಾ ಹೊರಗೆ ಬರುತ್ತಾರೆ, ಫೋಟೊ ತೆಗೆದು ಗ್ರೂಪಿಗೆ ಹಾಕುತ್ತಾರೆ. ಮುಗೀತು.

ನಿಮ್ಮೂರಿನ ಡ್ರಿಲ್ ಹೊಳೆಯ ಡ್ರಿಲ್ ಆಗಬೇಕು. ಹೊಳೆ ನಡುಹಗಲೇ, ಬೆಲ್ ಹೊಡೆದು ಬರುತ್ತದೆ ಎಂದೇನಿಲ್ಲ. ರಾತ್ರಿ, ಮಕ್ಕಳು ಮನೆಯಲ್ಲಿದ್ದಾಗಲೂ ಬರಬಹುದು. ಆದ್ದರಿಂದ ಮನೆಯ ಲೆಕ್ಕ ಹಾಕಿಸಿ. ಡಂಗುರ ಸಾರಿದಾಗಲೋ ಪಂಚಾಯ್ತಿ ಗಾಡಿ ಮೈಕಿನಲ್ಲಿ ಕೂಗಿದಾಗಲೋ ಕಿವಿ ಕೇಳದ ಅಜ್ಜನಿಗೆ ಯಾರು ಹೇಳುತ್ತಾರೆ? ರೇಷನ್ ಕಾರ್ಡ್, ಆಧಾರ್, ಪಾಸ್‌ಬುಕ್, ಹೊಲದ ಉತಾರ (ಪಹಣಿ), ಇವೆಲ್ಲ ಒಂದೇ ಪ್ಲಾಸ್ಟಿಕ್ ಚೀಲದಲ್ಲಿ ಇವೆಯೇ? ಸೇತುವೆ ಕಡೆ ದಾರಿ ಮುಳುಗಿದರೆ ಇನ್ನೊಂದು ದಾರಿ ಯಾವುದು? ದನಗಳನ್ನು ಏನು ಮಾಡುವುದು? ಈ ಕೊನೆಯ ಪ್ರಶ್ನೆಯನ್ನು ನಾನು ನೋಡಿದ ಯಾವ ಕೈಪಿಡಿಯೂ ಮಕ್ಕಳಿಗೆ ಕೇಳುವುದಿಲ್ಲ. ನಮ್ಮ ಕಡೆ ಜನ ಮನೆ ಬಿಡದಿರುವುದೇ ದನಗಳಿಗಾಗಿ. ಬೇರೇನೂ ಆಗದಿದ್ದರೆ ಕಣ್ಣಿ ಬಿಚ್ಚಿಬಿಡಬೇಕು. ಕಟ್ಟಿ ಹಾಕಿದ ದನ ನಿಂತಲ್ಲೇ ಮುಳುಗುತ್ತದೆ, ಬಿಟ್ಟ ದನ ದಿಬ್ಬ ಹುಡುಕುತ್ತದೆ. ಮತ್ತೆ ಹರಿಯುವ ನೀರಿಗೆ ಬೈಕ್ ಇಳಿಸಬಾರದು, ಮೊಣಕಾಲುದ್ದ ನೀರಾದರೂ ಸರಿ. ಅಪ್ಪ ಹೊರಟರೆ ಹಿಂದಿನಿಂದ ಅಂಗಿ ಜಗ್ಗಿ ಹಿಡಿಯುವ ಹಕ್ಕು ಮಗುವಿಗಿದೆ ಎಂದು ಹೇಳಿ. ತುರ್ತಿಗೆ 112, ಜಿಲ್ಲೆಯ ಕಂಟ್ರೋಲ್ ರೂಮಿಗೆ 1077. ಈ ಎರಡು ನಂಬರ್ ಬಾಯಿಪಾಠ ಇರಲಿ.

ನೆರೆ ಹತ್ತು ವರ್ಷಕ್ಕೆ ಒಂದೆರಡು ಸಲ. ಸಿಡಿಲು ಪ್ರತಿ ವರ್ಷ. ಏಪ್ರಿಲ್-ಮೇ ರಜೆಯಲ್ಲಿ ಕುರಿ-ಆಡು ಕಾಯಲು ಹೋಗುವವರು ನಿಮ್ಮ ಮಕ್ಕಳೇ ಅಲ್ವಾ? ರಜೆಗೆ ಬಿಡುವ ಮುಂಚೆ ಒಂದು ಪೀರಿಯಡ್ ಇದಕ್ಕೆ ಇಡಿ. ಮಿಂಚು ಕಂಡಾಗಿನಿಂದ ಗುಡುಗು ಕೇಳುವವರೆಗೆ ಎಣಿಸುವುದು. ಪ್ರತಿ ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. ಮೂವತ್ತರೊಳಗೆ ಗುಡುಗಿದರೆ ಸಿಡಿಲು ಹತ್ತು ಕಿಲೋಮೀಟರ್ ಒಳಗೇ ಇದೆ, ಪಕ್ಕಾ ಮನೆಯೊಳಗೆ ಹೋಗಬೇಕು. ಹುಣಸೆ, ಬೇವಿನ ಮರದ ಕೆಳಗೆ ನಿಲ್ಲಬಾರದು. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಹೊರಗೆ ಬರಬಾರದು. ಇಷ್ಟು ಸಾಕು.

ಈಗ ನೆರವಿನ ಪಾಠ. ಇದಕ್ಕೆ ನಿಮಗೆ ಬೇಕಾದ ಸಾಮಾನು ಒಂದು ಬಳಪ, ಒಂದು ಅಳತೆ ಪಟ್ಟಿ, ಒಂದು ಪ್ಲಾಸ್ಟಿಕ್ ಕೊಡ.

ಪರಿಹಾರ ಕೇಂದ್ರದಲ್ಲಿ ಒಬ್ಬ ಮನುಷ್ಯನಿಗೆ ಕನಿಷ್ಠ ಏನೇನು ಸಿಗಬೇಕು ಎಂದು ಪ್ರಪಂಚದ ನೆರವು ಸಂಸ್ಥೆಗಳು ಸೇರಿ 1997ರಿಂದ ಒಂದು ಅಳತೆ ಮಾಡಿಕೊಂಡಿವೆ. ಸ್ಫಿಯರ್ ಮಾನದಂಡ ಎನ್ನುತ್ತಾರೆ. ಒಬ್ಬರಿಗೆ ದಿನಕ್ಕೆ ಕುಡಿಯಲು, ಅಡುಗೆಗೆ, ಮೈ ತೊಳೆಯಲು ಎಲ್ಲ ಸೇರಿ 15 ಲೀಟರ್ ನೀರು. ಮಲಗಲು, ಕೂರಲು 3.5 ಚದರ ಮೀಟರ್ ಜಾಗ. 20 ಜನಕ್ಕೆ ಒಂದು ಶೌಚಾಲಯ. ದಿನಕ್ಕೆ 2,100 ಕ್ಯಾಲೊರಿ ಊಟ. ಇದು ಬೋರ್ಡಿನ ಮೇಲೆ ಬರೆದರೆ ಸತ್ತ ಅಂಕಿ. ನೆಲಕ್ಕೆ ಇಳಿಸಿ.

ಎರಡು ಮೀಟರ್ ಉದ್ದ, ಒಂದೂಮುಕ್ಕಾಲು ಮೀಟರ್ ಅಗಲ ಒಂದು ಚೌಕ ಬರೆಸಿ. ಅದೇ ಮೂರೂವರೆ ಚದರ ಮೀಟರ್. ಒಂದು ಚಾಪೆ, ಪಕ್ಕದಲ್ಲಿ ಒಂದು ಟ್ರಂಕು, ಅಷ್ಟೇ ಹಿಡಿಸುತ್ತದೆ. ನಿಮ್ಮ ಕೋಣೆ 20 ಅಡಿ ಉದ್ದ 20 ಅಡಿ ಅಗಲ ಇದ್ದರೆ ಲೆಕ್ಕಕ್ಕೆ ಇಂಥ ಹತ್ತು ಚೌಕದಷ್ಟು ಜಾಗ ಆಗುತ್ತದೆ. ಅಂದರೆ ಹತ್ತು ಜನ. "2019ರಲ್ಲಿ ಈ ಕೋಣೆಯಲ್ಲಿ ಎಷ್ಟು ಮಂದಿ ಇದ್ದರು, ಮನೆಯಲ್ಲಿ ಕೇಳಿಕೊಂಡು ಬನ್ನಿ" ಎನ್ನಿ. ಮರುದಿನ ಬರುವ ಉತ್ತರಕ್ಕೆ ನೀವು ವಿವರಣೆ ಕೊಡಬೇಕಾಗುವುದಿಲ್ಲ. ಹಾಗೇ ಇರುವ ಶೌಚಾಲಯ ಎಣಿಸಿ 20ರಿಂದ ಗುಣಿಸಲಿ. ಏಳನೇ ತರಗತಿಯ ಹುಡುಗಿಯರಿಗೆ ಈ ಲೆಕ್ಕದ ನೋವು ಬೇಗ ತಿಳಿಯುತ್ತದೆ. ಅವರೊಂದಿಗೆ ಬೇರೆಯಾಗಿ ಕೂತು, ಕೇಂದ್ರದಲ್ಲಿ ಮುಟ್ಟಿನ ಬಟ್ಟೆ, ಪ್ಯಾಡ್, ಬಾಗಿಲಿಗೆ ಚಿಲಕ, ರಾತ್ರಿ ದೀಪ ಇವೂ ನೆರವೇ ಎಂದು ಮಾತಾಡಿ. ಲಾರಿಯಲ್ಲಿ ಬಂದ ಗಂಡಸರಿಗೆ ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಅದಕ್ಕೇ ಅದು ಎಂದೂ ಬರುವುದಿಲ್ಲ.

ಇನ್ನು ಕೊಡ. ಮನೆಯ ಪ್ಲಾಸ್ಟಿಕ್ ಕೊಡದಲ್ಲಿ ಹೆಚ್ಚು ಕಡಿಮೆ 15 ಲೀಟರ್ ಹಿಡಿಯುತ್ತದೆ. ಒಂದು ತಲೆಗೆ ಒಂದು ಕೊಡ, ಇಡೀ ದಿನಕ್ಕೆ. ಒಂದು ಭಾನುವಾರ ಮಕ್ಕಳು ತಾವು ಬಳಸುವ ನೀರನ್ನೆಲ್ಲ ಒಂದೇ ಕೊಡದಿಂದ ತೆಗೆದುಕೊಂಡು ನೋಡಲಿ. ಮಧ್ಯಾಹ್ನಕ್ಕೆ ಯಾರ ಕೊಡ ಖಾಲಿಯಾಯಿತು, ಯಾಕೆ ಎಂದು ಸೋಮವಾರ ಮಾತಾಡಲಿ. ಆ ಅಜ್ಜಿ ಬಟ್ಟೆಯ ಗುಡ್ಡೆಯ ಮುಂದೆ ನಿಂತು ಕೊಡವನ್ನೇ ಯಾಕೆ ಕೇಳಿದರು ಎಂದು ನನಗೆ ತಿಳಿದದ್ದೂ ಈ 15 ಲೀಟರಿನ ಲೆಕ್ಕ ಓದಿದ ಮೇಲೆಯೇ.

ದೊಡ್ಡ ಮಕ್ಕಳಿಗೆ ಇತಿಹಾಸದ ಒಂದು ತುಂಡು ಸೇರಿಸಿ. 1876ರಿಂದ 78ರವರೆಗೆ ದಖ್ಖನ್ನಿಗೆ ದೊಡ್ಡ ಬರ ಬಿತ್ತು. ಹಳೆ ಮೈಸೂರಿನವರು ಅದನ್ನು ಧಾತು-ಈಶ್ವರ ಬರ ಎನ್ನುತ್ತಾರೆ, ಆ ಎರಡು ಸಂವತ್ಸರಗಳ ಹೆಸರು. 1871ರ ಜನಗಣತಿಯಲ್ಲಿ 50 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನ 1881ರಲ್ಲಿ 42 ಲಕ್ಷಕ್ಕೆ ಇಳಿದಿದ್ದರು. ಬಾದಾಮಿ ಸೇರಿದ್ದ ಆಗಿನ ಕಲಾದಗಿ ಜಿಲ್ಲೆಗೂ ಬಲವಾದ ಪೆಟ್ಟು ಬಿತ್ತು. ಆಗ ಬ್ರಿಟಿಷ್ ಸರ್ಕಾರ ಖರ್ಚು ಹಿಡಿತದಲ್ಲಿಡಲು ರಿಚರ್ಡ್ ಟೆಂಪಲ್ ಎಂಬ ಅಧಿಕಾರಿಯನ್ನು ಮದ್ರಾಸಿಗೆ ಕಳಿಸಿತು. ದಿನವಿಡೀ ಮಣ್ಣು ಹೊರುವ ಗಂಡಾಳಿಗೆ ಒಂದು ಆಣೆ ಮತ್ತು ಒಂದು ಪೌಂಡ್ ಕಾಳು ಸಾಕು ಎಂದು ಅವರು ಗೊತ್ತು ಮಾಡಿದರು. ಸುಮಾರು 450 ಗ್ರಾಂ. ಇದರಲ್ಲಿ ಮನುಷ್ಯ ಬದುಕುವುದಿಲ್ಲ ಎಂದು ಮದ್ರಾಸಿನ ಆರೋಗ್ಯ ಇಲಾಖೆಯ ಡಾಕ್ಟರ್ ಕಾರ್ನಿಷ್ ಜಗಳಕ್ಕೇ ನಿಂತರು. 450 ಗ್ರಾಂ ಜೋಳಕ್ಕೆ ಎಷ್ಟು ರೊಟ್ಟಿ ಆಗುತ್ತವೆ, ಹೊಲದಲ್ಲಿ ದುಡಿಯುವ ಅಪ್ಪನಿಗೆ ದಿನಕ್ಕೆ ಎಷ್ಟು ಬೇಕು ಎಂದು ಮಕ್ಕಳು ಮನೆಯಲ್ಲಿ ತೂಕ ಹಾಕಿ ಬರಲಿ. ಕನಿಷ್ಠ ಎಷ್ಟು ಎಂದು ಯಾರು ತೀರ್ಮಾನಿಸುತ್ತಾರೆ ಅನ್ನುವ ಪ್ರಶ್ನೆ ತಾನಾಗಿಯೇ ಬರುತ್ತದೆ. ಬರಗಾಲದಲ್ಲಿ ಗಂಜಿ ಹಾಕುತ್ತಿದ್ದ ಜಾಗದ ಹೆಸರೇ ನೆರೆಗೂ ಅಂಟಿಕೊಂಡು ಬಂತು. ಈಗ ಸರ್ಕಾರ ಅದನ್ನು ಕಾಳಜಿ ಕೇಂದ್ರ ಎಂದು ಕರೆಯುತ್ತದೆ. ಊರವರ ಬಾಯಲ್ಲಿ ಗಂಜಿ ಕೇಂದ್ರವೇ.

ಸರ್ಕಾರದ ಪರಿಹಾರದ ಮಾತು ಬಂದೇ ಬರುತ್ತದೆ, ತಪ್ಪಿಸಿಕೊಳ್ಳಬೇಡಿ. 2019ರಲ್ಲಿ ಮನೆಗೆ ನೀರು ನುಗ್ಗಿದ ಕುಟುಂಬಕ್ಕೆ ತಕ್ಷಣಕ್ಕೆ 10,000 ರೂಪಾಯಿ, ಪೂರ್ತಿ ಬಿದ್ದ ಮನೆಗೆ 5 ಲಕ್ಷ ಎಂದಾಯಿತು. ಹಾನಿ ಎಷ್ಟೆಂದು ನೋಡಿ ಎ, ಬಿ, ಸಿ ಎಂದು ಮನೆಗಳನ್ನು ವಿಂಗಡಿಸಿದ್ದು ಊರಿಗೇ ಗೊತ್ತು, ಅದಕ್ಕಾದ ಜಗಳವೂ ಗೊತ್ತು. ಈ ದುಡ್ಡು ಯಾರೋ ದೊಡ್ಡವರು ಜೇಬಿನಿಂದ ಕೊಟ್ಟದ್ದೆಂದು ಮಕ್ಕಳು ತಿಳಿದಿರುತ್ತಾರೆ, ಯಾಕೆಂದರೆ ಚೆಕ್ ಕೊಡುವ ಫೋಟೊದಲ್ಲಿ ದೊಡ್ಡವರೇ ಇರುತ್ತಾರೆ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಕೆಳಗೆ ರಾಜ್ಯಕ್ಕೊಂದು ನಿಧಿ ಇದೆ, ಅದಕ್ಕೆ ನಮ್ಮಂಥ ರಾಜ್ಯಗಳಲ್ಲಿ ಕೇಂದ್ರ ನೂರಕ್ಕೆ 75, ರಾಜ್ಯ 25 ಪಾಲು ಹಾಕುತ್ತದೆ, ಅದು ಅಂಗಡಿಯಲ್ಲಿ ಸೋಪು ಕೊಳ್ಳುವಾಗ ಅವರವ್ವ ಕಟ್ಟಿದ ತೆರಿಗೆಯೂ ಹೌದು ಎಂದು ಬಿಡಿಸಿ ಹೇಳಿ. ಸಂತ್ರಸ್ತ ಎಂಬ ಮಾತು ಕೇಳಿ ತಲೆ ತಗ್ಗಿಸುವ ಮಗು ಇದನ್ನು ಕೇಳಿದಾಗ ಮುಖ ಎತ್ತಿ ನೋಡುತ್ತದೆ. ಆಮೇಲೆ ಪಂಚನಾಮೆಯ, ಅಂದರೆ ಹಾನಿ ನೋಡಿ ಬರೆದುಕೊಳ್ಳುವ ಆಟ ಆಡಿಸಿ: ಒಬ್ಬ ಗ್ರಾಮ ಲೆಕ್ಕಿಗ, ಒಬ್ಬ ಎಂಜಿನಿಯರ್, ಉಳಿದವರು ಮನೆಯವರು. ಗೋಡೆ ಬಿದ್ದ ಮನೆ ಯಾವ ದರ್ಜೆಗೆ ಸೇರಬೇಕು ಎಂದು ಮಕ್ಕಳೇ ತೀರ್ಮಾನಿಸಲಿ. ಹತ್ತು ನಿಮಿಷದಲ್ಲಿ ಗಲಾಟೆ ಶುರುವಾಗುತ್ತದೆ. ಶುರುವಾಗಲಿ, ನ್ಯಾಯವಾಗಿ ಹಂಚುವುದು ಎಷ್ಟು ಕಷ್ಟ ಎಂಬ ಪಾಠ ಅದೇ. ಒಂದೇ ಎಚ್ಚರ, ಊರಿನ ನಿಜವಾದ ಮನೆಗಳ ಹೆಸರು ಬೇಡ.

ದೂರದವರಿಗೆ ನೆರವು ಕಳಿಸುವುದು ಹೇಗೆ? 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲೆ ಊರುಗಳ ಮೇಲೆ ಗುಡ್ಡ ಜಾರಿತು. ಅಲ್ಲಿಯ ವೆಳ್ಳಾರ್‌ಮಲ ಶಾಲೆಯೇ ಹಾಳಾಗಿ, ಮಕ್ಕಳು ಮೇಪ್ಪಾಡಿಯಲ್ಲಿ ಕೂತು ಪಾಠ ಕೇಳಬೇಕಾಯಿತು. ಕರ್ನಾಟಕ ಸರ್ಕಾರ ನೂರು ಮನೆ ಕಟ್ಟಿಸಿಕೊಡುವುದಾಗಿ ಹೇಳಿತು. ಬಾದಾಮಿಯ ಒಂದು ಶಾಲೆಯಿಂದ ಅಲ್ಲಿಗೆ ಬಟ್ಟೆ ಹೋಗುವ ಹೊತ್ತಿಗೆ ಅದರ ಸಾಗಣೆಯ ಖರ್ಚಿನಲ್ಲೇ ಹೊಸ ಬಟ್ಟೆ ಬರುತ್ತದೆ. ಮಕ್ಕಳಿಂದ ಹತ್ತೋ ಇಪ್ಪತ್ತೋ ರೂಪಾಯಿ ಕೂಡಿದರೆ ಅದನ್ನು ಮುಖ್ಯಮಂತ್ರಿ ಪರಿಹಾರ ನಿಧಿಯಂಥ ಕಡೆಗೆ ಕಳಿಸಿ ರಸೀದಿಯನ್ನು ತರಗತಿಯಲ್ಲಿ ತೋರಿಸಿ. ಯಾರು ಎಷ್ಟು ಕೊಟ್ಟರು ಎಂದು ಮಾತ್ರ ಓದಬೇಡಿ, ಕೊಡಲಾಗದ ಮಗು ಒಳಗೇ ಕುಗ್ಗುತ್ತದೆ. ದುಡ್ಡಿಗಿಂತ ನಿಮ್ಮ ಮಕ್ಕಳ ಹತ್ತಿರ ಇನ್ನೊಂದಿದೆ. ಶಾಲೆ ಮತ್ತೆ ಯಾವಾಗ ಶುರುವಾಯಿತು, ಒದ್ದೆ ಪುಸ್ತಕ ಒಣಗಿಸಿದ್ದು ಹೇಗೆ, ಮೊದಲ ದಿನ ಏನನಿಸಿತು ಎಂದು ಮನೆಯಲ್ಲಿ ಕೇಳಿ, ತಮ್ಮ ನೆನಪನ್ನೂ ಸೇರಿಸಿ ಒಂದು ಪುಟ ಬರೆಯಬಲ್ಲರು. ಅಂಥ ಕಾಗದವನ್ನು ನೆರೆ ಕಾಣದ ಊರಿನ ಮಕ್ಕಳು ಬರೆಯಲಾರರು.

ಕೊನೆಗೆ ಆ ಮೂಟೆಗಳು. ಎಸೆಯಬೇಡಿ, ಯಾರಿಗೂ ದಾಟಿಸಲೂ ಬೇಡಿ. ನಿಮ್ಮೂರಲ್ಲಿ ಕೌದಿ ಹೊಲಿಯುವ ಅಜ್ಜಿಯರು ಇದ್ದೇ ಇರುತ್ತಾರೆ. ಹರಿದ ಬಟ್ಟೆ ಕೌದಿಗೆ ಹೊಸದಕ್ಕಿಂತ ಒಳ್ಳೆಯದು, ಮೆತ್ತಗಾಗಿರುತ್ತದೆ. ಮಕ್ಕಳು ಒಗೆದು, ಗುಂಡಿ-ಜಿಪ್ ಕಿತ್ತು ಕೊಡಲಿ. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಅಜ್ಜಿಯರನ್ನು ವರಾಂಡದಲ್ಲಿ ಕೂರಿಸಿ, ಸೂಜಿಗೆ ದಾರ ಪೋಣಿಸುವುದು ಮಕ್ಕಳ ಕೆಲಸ. ಹೊಳೆಯ ಕಥೆಗಳೂ ಆಗಲೇ ಹೊರಗೆ ಬರುತ್ತವೆ, ಒಬ್ಬರು ಬರೆದುಕೊಳ್ಳಲಿ. ಆರೇಳು ಕೌದಿ ಆದರೂ ಸಾಕು. ನಾಲ್ಕು ಖಾಲಿ ಕೊಡಗಳ ಜೊತೆ ಅವನ್ನು ಅದೇ ಸ್ಟೋರ್ ರೂಮಿನ ಅಟ್ಟದ ಮೇಲೆ ಇಡಿಸಿ. ಮುಂದಿನ ಸಲ ನಿಮ್ಮ ಶಾಲೆಗೆ ಜನ ಒದ್ದೆಯಾಗಿ ಬಂದಾಗ ಲಾರಿಗೆ ಕಾಯಬೇಕಾಗುವುದಿಲ್ಲ. ಪಾಲಿಸ್ಟರ್ ಬಟ್ಟೆಯನ್ನು ಮಾತ್ರ ಮೊದಲೇ ಬೇರೆ ಮಾಡಿಸಿ ಟೀಚರ್, ಅದನ್ನು ಕಂಡರೆ ಅಜ್ಜಿಯರು ಸೂಜಿ ಕೆಳಗಿಟ್ಟುಬಿಡುತ್ತಾರೆ.